ಬಿಗ್ ಮ್ಯಾನ್ ನಿಲ್ಲುತ್ತಿದ್ದ ಜಾಗ

ಓದುಗರ ಪತ್ರದಿಂದ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬಗ್ಗೆ ಬರೆದಿದ್ದೀರಿ. ಅವರ ಇ ಸ್ಟ್ರೀಟ್ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ನುಡಿಸುತ್ತಿದ್ದ ಜೊತೆಗಾರ ಕ್ಲಾರೆನ್ಸ್ ಕ್ಲೆಮನ್ಸ್ ತೀರಿಕೊಂಡು ವರ್ಷ ತುಂಬುವ ಮೊದಲೇ ಅವರ ತಮ್ಮನ ಮಗನ ಕೈಗೆ ಸ್ಯಾಕ್ಸಫೋನ್ ಕೊಟ್ಟು ಟೂರ್ ಹೊರಟರು ಎಂದು ಓದಿ ಬೇಜಾರಾಯಿತು. ನಮ್ಮ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಹೋಗಿ ಎಂಟು ತಿಂಗಳಾಯಿತು. ಹನ್ನೊಂದು ವರ್ಷ ಒಂದೇ ವ್ಯಾನಿನಲ್ಲಿ ಊರೂರು ತಿರುಗಿದವರು ನಾವು. ಈಗ ಉಳಿದವರು ಅವನ ತಮ್ಮನನ್ನು ಸೇರಿಸಿಕೊಳ್ಳೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಇದು ಸತ್ತವನ ಜಾಗ ಕಿತ್ತುಕೊಂಡ ಹಾಗಲ್ವಾ?’

ಸಂಪಾದಕರ ಉತ್ತರ:

ನಿಮ್ಮ ಪತ್ರ ಎರಡು ದಿನದಿಂದ ಮೇಜಿನ ಮೇಲೇ ಇದೆ. ಮತ್ತೆ ಮತ್ತೆ ಓದಿದೆ. ತಪ್ಪು ನನ್ನದೇ. ಆ ಲೇಖನದಲ್ಲಿ ಟೂರ್ ಬಗ್ಗೆ ಉದ್ದಕ್ಕೆ ಬರೆದು ಆ ಇಬ್ಬರ ಗೆಳೆತನವನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟೆ. ಅಷ್ಟನ್ನೇ ಓದಿದರೆ ಯಾರಿಗಾದರೂ ನಿಮ್ಮ ಹಾಗೇ ಅನ್ನಿಸುತ್ತದೆ. ಬಿಟ್ಟದ್ದನ್ನು ಈಗ ಹೇಳುತ್ತೇನೆ.

ಕ್ಲೆಮನ್ಸ್ ಹುಟ್ಟಿದ್ದು 1942ರಲ್ಲಿ, ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಅಪ್ಪನಿಗೆ ಮೀನಿನ ಅಂಗಡಿ. ಒಂಬತ್ತನೇ ವಯಸ್ಸಿನಲ್ಲಿ ಕ್ರಿಸ್‌ಮಸ್‌ಗೆ ಆಟದ ರೈಲು ಬೇಕು ಅಂದ ಹುಡುಗನಿಗೆ ಅಪ್ಪ ತಂದುಕೊಟ್ಟದ್ದು ಸ್ಯಾಕ್ಸಫೋನ್. ಎತ್ತರದ ಆಳು, ದೊಡ್ಡ ಮೈಕಟ್ಟು, ಅದಕ್ಕೇ ಎಲ್ಲರಿಗೂ ಅವರು ‘ಬಿಗ್ ಮ್ಯಾನ್’. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದರು, ಆಮೇಲೆ ನ್ಯೂಜೆರ್ಸಿಯಲ್ಲಿ ದಾರಿ ತಪ್ಪಿದ ಹುಡುಗರ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. 1971ರಲ್ಲಿ ಕಡಲ ದಂಡೆಯ ಊರು ಆಸ್ಬರಿ ಪಾರ್ಕ್‌ನಲ್ಲಿ, ಗಾಳಿಮಳೆಯ ಒಂದು ರಾತ್ರಿ, ಸ್ಪ್ರಿಂಗ್‌ಸ್ಟೀನ್ ಹಾಡುತ್ತಿದ್ದ ಬಾರಿಗೆ ಬಂದರು. ಬಾಗಿಲು ತೆಗೆದರೆ ಬಾಗಿಲೇ ಕಿತ್ತುಕೊಂಡು ಬೀದಿಯಲ್ಲಿ ಹಾರಿಹೋಯಿತಂತೆ. ಇಬ್ಬರೂ ಜೀವಮಾನವಿಡೀ ಸ್ಟೇಜಿನ ಮೇಲೆ ಈ ಕಥೆ ಹೇಳಿದರು, ಹೇಳಿದಷ್ಟೂ ಅದು ಬೆಳೆಯಿತು. ಎಷ್ಟು ನಿಜವೋ, ನನಗದು ಮುಖ್ಯ ಅನ್ನಿಸುವುದಿಲ್ಲ. ಹೇಗೆ ಸಿಕ್ಕೆವು ಅನ್ನುವುದನ್ನು ನಲವತ್ತು ವರ್ಷ ಬೇಸರವಿಲ್ಲದೆ ಹೇಳಿಕೊಂಡರಲ್ಲ, ಅದು ನನಗೆ ದೊಡ್ಡದು.

1975ರ ಆಗಸ್ಟಿನಲ್ಲಿ ಬಂದ ಅವರ ಆಲ್ಬಮ್ಮಿನ ಕವರ್ ನೀವು ನೋಡಿರುತ್ತೀರಿ. ಎದುರುಗಡೆ ಗಿಟಾರ್ ಹಿಡಿದ ಸ್ಪ್ರಿಂಗ್‌ಸ್ಟೀನ್, ನಗುತ್ತಾ ಯಾರದೋ ಹೆಗಲಿಗೆ ಒರಗಿದ್ದಾರೆ. ಆ ಹೆಗಲು ಯಾರದು ಅಂತ ನೋಡಬೇಕಾದರೆ ಕವರನ್ನು ಪೂರ್ತಿ ಬಿಚ್ಚಬೇಕು. ಹಿಂಬದಿಯಲ್ಲಿ ಕ್ಲೆಮನ್ಸ್ ಸ್ಯಾಕ್ಸಫೋನ್ ಊದುತ್ತಿದ್ದಾರೆ. ಒಬ್ಬ ಬಿಳಿಯ, ಒಬ್ಬ ಕಪ್ಪು ಮನುಷ್ಯ, ಹಾಗೆ ಒರಗಿ ನಿಂತದ್ದು ಆ ಕಾಲದ ಅಮೆರಿಕದಲ್ಲಿ ಸುಮ್ನೆ ಒಂದು ಫೋಟೋ ಆಗಿರಲಿಲ್ಲ. ನೋಡಲು ಬರುತ್ತಿದ್ದವರಲ್ಲಿ ಹೆಚ್ಚಿನವರೆಲ್ಲ ಬಿಳಿಯರು. ಅಂಥ ಜನರ ಮುಂದೆ ರಾತ್ರಿ ರಾತ್ರಿ ಹೋಗಿ ನಿಲ್ಲುವುದು ಕ್ಲೆಮನ್ಸ್‌ಗೆ ಸುಲಭವಿರಲಿಲ್ಲ ಎಂದು ಸ್ಪ್ರಿಂಗ್‌ಸ್ಟೀನ್ ಆಮೇಲೆ ಒಪ್ಪಿಕೊಂಡಿದ್ದಾರೆ. ಅದೇ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಒಂದು ಸ್ಯಾಕ್ಸಫೋನ್ ಸೋಲೋ ಇದೆ, ಎರಡು ನಿಮಿಷದ್ದು. ರೆಕಾರ್ಡ್ ಮಾಡಲು ಹಿಡಿದದ್ದು 16 ಗಂಟೆ. ಸ್ಪ್ರಿಂಗ್‌ಸ್ಟೀನ್ ಒಂದೊಂದು ಸ್ವರವನ್ನೂ ಹೇಳಿ ನುಡಿಸಿದರು, ಇವರು ಊದುತ್ತಲೇ ಇದ್ದರು. ಸ್ಟುಡಿಯೋದಲ್ಲಿ ಕೂತವರಿಗೆ ಗೊತ್ತು, ಹದಿನಾರು ಗಂಟೆ ಇನ್ನೊಬ್ಬನ ಮಾತು ಕೇಳಿಕೊಂಡು ನುಡಿಸಬೇಕಾದರೆ ಆ ಮನುಷ್ಯನ ಮೇಲೆ ಎಷ್ಟು ನಂಬಿಕೆ ಇರಬೇಕು ಅಂತ.

ಎಲ್ಲ ಚೆನ್ನಾಗಿಯೇ ಇತ್ತು ಅಂತಲೂ ಅಲ್ಲ. 1989ರಲ್ಲಿ ಸ್ಪ್ರಿಂಗ್‌ಸ್ಟೀನ್ ಬ್ಯಾಂಡಿನ ಎಲ್ಲರಿಗೂ ಫೋನ್ ಮಾಡಿ, ಇನ್ನು ನಿಮ್ಮನ್ನು ಬಿಟ್ಟು ಬೇರೆ ಕೆಲಸ ಮಾಡುತ್ತೇನೆ ಅಂದರು. ಆಗ ಕ್ಲೆಮನ್ಸ್, ಬೀಟಲ್ಸ್‌ನ ಡ್ರಮ್ಮರ್ ಆಗಿದ್ದ ರಿಂಗೋ ಸ್ಟಾರ್ ಜೊತೆ ಟೂರ್ ಮಾಡುತ್ತಾ ಜಪಾನಿನಲ್ಲಿದ್ದರು. ಹದಿನೆಂಟು ವರ್ಷದ ಒಡನಾಟ, ಒಂದು ಫೋನ್ ಕರೆ! ಇ ಸ್ಟ್ರೀಟ್ ಬ್ಯಾಂಡ್ ಮತ್ತೆ ಒಟ್ಟಾಗಿ ಟೂರ್ ಹೊರಟದ್ದು 1999ರಲ್ಲಿ. ನಿಮ್ಮ ಪತ್ರದಲ್ಲಿ, ಕೊನೆಯ ವರ್ಷ ನೀವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ ಅಂತ ಒಂದು ಸಾಲು ಬರೆದು, ಆಮೇಲೆ ಹೊಡೆದುಹಾಕಿದ್ದೀರಿ. ಹೊಡೆದರೂ ಕಾಣುತ್ತಿತ್ತು. ಅದಕ್ಕೇ ಇದನ್ನು ಹೇಳಿದೆ.

ಬ್ಯಾಂಡಿನಲ್ಲಿ ಮೊದಲು ಹೋದವರು ಆರ್ಗನ್ ನುಡಿಸುತ್ತಿದ್ದ ಡ್ಯಾನಿ ಫೆಡೆರಿಚಿ. ಚರ್ಮದ ಕ್ಯಾನ್ಸರ್, 2008ರ ಏಪ್ರಿಲ್. ಅದಕ್ಕೆ ನಾಲ್ಕು ವಾರ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಸ್ಟೇಜಿಗೆ ಬಂದು, ಆಸ್ಬರಿ ಪಾರ್ಕ್ ಮೇಲಿನ ಹಳೆಯ ಹಾಡಿಗೆ ಅಕಾರ್ಡಿಯನ್ ನುಡಿಸಿ ಹೋಗಿದ್ದರು. ಕ್ಲೆಮನ್ಸ್‌ಗೆ ಆ ಹೊತ್ತಿಗೆ ಮಂಡಿ, ಸೊಂಟ, ಬೆನ್ನು ಎಲ್ಲ ಕೈಕೊಟ್ಟಿದ್ದವು. ಕೊನೆಯ ಟೂರಿನಲ್ಲಿ, 2009ರಲ್ಲಿ, ಸ್ಟೇಜಿನ ಮೇಲೆ ಅವರಿಗಾಗಿ ಒಂದು ಕುರ್ಚಿ ಇರುತ್ತಿತ್ತು. ನುಡಿಸುವ ಹೊತ್ತಿಗೆ ಎದ್ದು ನಿಲ್ಲುತ್ತಿದ್ದರು. 2011ರ ಜೂನ್ 12ರಂದು ಫ್ಲಾರಿಡಾದ ಮನೆಯಲ್ಲಿ ಪಾರ್ಶ್ವವಾಯು ಹೊಡೆಯಿತು. 18ರಂದು ಹೋದರು. 69 ವರ್ಷ.

ಈಗ ನಿಮಗೆ ಬೇಜಾರು ತಂದ ವಿಷಯಕ್ಕೆ ಬರುತ್ತೇನೆ.

ಸ್ಪ್ರಿಂಗ್‌ಸ್ಟೀನ್ ಒಬ್ಬರ ಬದಲು ಒಬ್ಬರನ್ನು ತಂದು ನಿಲ್ಲಿಸಲಿಲ್ಲ. 2012ರ ಟೂರಿಗೆ ಐದು ಜನರ ಊದುವಾದ್ಯದ ತಂಡ ಕಟ್ಟಿದರು. ನೀವು ಹೇಳಿದ ಆ ತಮ್ಮನ ಮಗ, ಜೇಕ್ ಕ್ಲೆಮನ್ಸ್, ಅದರಲ್ಲಿ ಒಬ್ಬ. ಅವನನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲೂ ಇಲ್ಲ. ಮೊದಲ ದಿನ ತಡವಾಗಿ ಬಂದ ಹುಡುಗ, ಹಾಡುಗಳೆಲ್ಲ ಗೊತ್ತಾ ಅಂದರೆ ‘ಏನೋ ಸ್ವಲ್ಪ’ ಅನ್ನುವ ಹಾಗೆ ಉತ್ತರ ಕೊಟ್ಟ. ಸ್ಪ್ರಿಂಗ್‌ಸ್ಟೀನ್ ಚೆನ್ನಾಗಿ ಬೈದರು. ನೀನು ಬಂದಿರುವುದು ಯಾರ ಜಾಗಕ್ಕೆ ಅಂತ ಗೊತ್ತಿದೆಯಾ ಅನ್ನುವುದು ಆ ಬೈಗುಳದ ತಿರುಳು. ಹುಡುಗ ಹೋಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕಲಿತು ಬಂದ. ಸ್ಪ್ರಿಂಗ್‌ಸ್ಟೀನ್ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ.

ಮತ್ತೆ ಆ ಟೂರಿನ ಹೆಚ್ಚಿನ ರಾತ್ರಿಗಳಲ್ಲಿ ಎರಡು ಕೆಲಸ ನಡೆಯುತ್ತಿತ್ತು. ಬ್ಯಾಂಡಿನವರನ್ನೆಲ್ಲ ಪರಿಚಯಿಸಿದ ಮೇಲೆ ಸ್ಪ್ರಿಂಗ್‌ಸ್ಟೀನ್ ಜನರನ್ನು ಕೇಳುತ್ತಿದ್ದರು: ಯಾರಾದರೂ ಬಿಟ್ಟುಹೋಗಿದ್ದಾರಾ? ಆಗ ಆರ್ಗನ್ ಇರುತ್ತಿದ್ದ ಕಡೆ, ಸ್ಯಾಕ್ಸಫೋನ್ ಇರುತ್ತಿದ್ದ ಕಡೆ, ಬರೀ ನೆಲದ ಮೇಲೆ ದೀಪ ಬೀಳುತ್ತಿತ್ತು. ಇನ್ನೊಂದು, ಬಿಗ್ ಮ್ಯಾನ್ ಬ್ಯಾಂಡಿಗೆ ಸೇರಿದ ಸುದ್ದಿ ಹೇಳುವ ಅವರದೇ ಹಾಡೊಂದಿದೆ. ಆ ಸಾಲು ಬಂದ ಕೂಡಲೇ ಇಡೀ ಬ್ಯಾಂಡ್ ನಿಂತುಬಿಡುತ್ತಿತ್ತು. ಸ್ಕ್ರೀನಿನ ಮೇಲೆ ಕ್ಲೆಮನ್ಸ್, ಜನರ ಕೂಗು, ಚಪ್ಪಾಳೆ. ಸಾಕಷ್ಟು ಹೊತ್ತಾದ ಮೇಲೆ ಹಾಡು ಮುಂದುವರಿಯುತ್ತಿತ್ತು. ಅವರಿಲ್ಲ ಅನ್ನುವುದನ್ನು ಮುಚ್ಚಿಡಲಿಲ್ಲ. ಅದನ್ನೂ ಹಾಡಿನೊಳಗೆ ಸೇರಿಸಿಕೊಂಡರು.

ನಿಲ್ಲಿಸಿದವರೂ ಇದ್ದಾರೆ. ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರಿನಲ್ಲಿ ಹೋದಾಗ, ಅವರಿದ್ದ ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಡಿಸೆಂಬರಿಗೆಲ್ಲ ಅಂಗಡಿ ಮುಚ್ಚಿತು. ಅದನ್ನು ತಪ್ಪು ಅನ್ನಲಾರೆ. ನಿಮಗೆ ನಿಲ್ಲಿಸಲೇಬೇಕು ಅನ್ನಿಸಿದರೆ ನಿಲ್ಲಿಸಿ. ಆದರೆ ಜಾಗ ಕಿತ್ತುಕೊಂಡ ಹಾಗೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ತಮ್ಮನೂ ಅಣ್ಣನನ್ನು ಕಳೆದುಕೊಂಡವನೇ. ಅವನು ಕೇಳುತ್ತಿರುವುದು ಬ್ಯಾಂಡನ್ನೋ, ಅಣ್ಣನ ಪಕ್ಕದಲ್ಲಿ ಹನ್ನೊಂದು ವರ್ಷ ಕೂತಿದ್ದವರನ್ನೋ? ಒಂದು ಸಲ ಕರೆಸಿ. ಬೈಯಬೇಕಾದರೆ ಬೈಯಿರಿ. ಒಂದು ಹಾಡಿನಲ್ಲಿ ಗೆಳೆಯನ ಗಿಟಾರ್ ಬರುವ ಕಡೆ ಯಾರೂ ನುಡಿಸದೆ ಬಿಡಿ, ಉಳಿದ ಹಾಡುಗಳನ್ನು ಹುಡುಗ ನುಡಿಸಲಿ.

ಇನ್ನೊಂದು ಮಾತು. ಎರಡು ಪುಟದ ಪತ್ರದಲ್ಲಿ ನಿಮ್ಮ ಗೆಳೆಯನ ಬಗ್ಗೆ ಇರುವುದು ನಾಲ್ಕೇ ಸಾಲು, ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ. ವ್ಯಾನಿನಲ್ಲಿ ಅವನು ಯಾವ ಸೀಟಿನಲ್ಲಿ ಕೂರುತ್ತಿದ್ದ, ರಾತ್ರಿ ಎರಡಕ್ಕೆ ಹೈವೇ ಪಕ್ಕ ಟೀಗೆ ನಿಂತಾಗ ಏನು ಮಾತಾಡುತ್ತಿದ್ದ, ತಂತಿ ಹರಿದರೆ ಯಾರನ್ನು ಬೈಯುತ್ತಿದ್ದ, ಅದನ್ನೆಲ್ಲ ಬರೆದು ಕಳಿಸಿ. ಹೊಡೆದುಹಾಕಿದ ಆ ಸಾಲನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.