ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ವರ್ಷ ಕಳೆದರೂ ಪ್ರಗತಿ ಕಾಣುತ್ತಿಲ್ಲ, ಔಷಧ ಕಂಪನಿಯ ಕೆಲಸಕ್ಕೆ ಹೋಗಲೇ?

ನೀವು ಹೇಳುವ ಆ ವರ್ಷವನ್ನು ನಾನೂ ಕಳೆದಿದ್ದೇನೆ. ನಿಮ್ಮದು ಹುಬ್ಬಳ್ಳಿ, ನನ್ನದು ಮುಂಡರಗಿ ತಾಲ್ಲೂಕಿನ ಹಳ್ಳಿಗಳು.

ಮಕ್ಕಳ ಬೆಳವಣಿಗೆಯ ಅಧ್ಯಯನವೊಂದರಲ್ಲಿ ಕ್ಷೇತ್ರ ಸಹಾಯಕಿಯಾಗಿದ್ದೆ. ಮೂರು ತಿಂಗಳಿಗೊಮ್ಮೆ ಅದೇ ಮಕ್ಕಳ ಮನೆಗೆ ಹೋಗಿ ತೂಕ, ಉದ್ದ, ತೋಳಿನ ಸುತ್ತಳತೆ ಬರೆದುಕೊಳ್ಳಬೇಕು. ಗದಗಿನಿಂದ ಬೆಳಗಿನ ಬಸ್ಸು, ಹೆಗಲಿಗೆ ಅಳತೆಯ ಹಲಗೆ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಚಪ್ಪಲಿ ಕೈಯಲ್ಲೇ ಹಿಡಿದು ನಡೆಯಬೇಕಾಗುತ್ತಿತ್ತು. ವಾರ್ಷಿಕ ವರದಿಗೆ ಏನು ಕೊಡುತ್ತೀರಿ ಎಂದು ಕಚೇರಿಯವರು ಕೇಳಿದಾಗ ನನ್ನ ಬಳಿ ಇದ್ದದ್ದು ಎಷ್ಟು ಮಕ್ಕಳನ್ನು ಅಳೆದೆ ಎಂಬ ಲೆಕ್ಕ ಮಾತ್ರ. ಅದನ್ನು ಹೆಚ್ಚಿಸುವ ಆತುರದಲ್ಲೇ ಎಡವಿದೆ.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೋಡಲು ಅದು ತಪ್ಪಿನಂತೆಯೇ ಕಾಣುವುದಿಲ್ಲ. ಎರಡು ವರ್ಷ ತುಂಬದ ಮಗುವನ್ನು ಮಲಗಿಸಿ ಅಳೆಯಬೇಕು, ತುಂಬಿದ ಮೇಲೆ ನಿಲ್ಲಿಸಿ. ಅದೇ ಮಗು ನಿಂತರೆ ಸರಾಸರಿ 0.7 ಸೆಂ.ಮೀ. ಕಡಿಮೆ ತೋರಿಸುತ್ತದೆ. ಮಕ್ಕಳ ಬೆಳವಣಿಗೆಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಮಾನದಂಡದಲ್ಲಿ ಎರಡು ವರ್ಷದ ಗಂಡುಮಗುವಿನ ನಡುಮಟ್ಟದ ಅಳತೆ (ಅರ್ಧ ಮಕ್ಕಳು ಅದಕ್ಕಿಂತ ಕಡಿಮೆ, ಅರ್ಧ ಹೆಚ್ಚು) ಮಲಗಿಸಿದರೆ 87.8 ಸೆಂ.ಮೀ., ನಿಲ್ಲಿಸಿದರೆ 87.1. ಅನಿವಾರ್ಯವಾಗಿ ನಿಯಮ ತಪ್ಪಿದರೂ ಪರವಾಗಿಲ್ಲ. ಹೇಗೆ ಅಳೆದಿರಿ ಎಂದು ಬರೆದಿಟ್ಟರೆ ಆ 0.7 ಅನ್ನು ಕೂಡಿಸಿ ಅಥವಾ ಕಳೆದು ಸರಿಪಡಿಸಬಹುದು. ನಮ್ಮ ಫಾರಮಿನಲ್ಲಿ ಅದಕ್ಕೆಂದೇ ಒಂದು ಚಿಕ್ಕ ಚೌಕವಿತ್ತು. ನಾನು ಅದನ್ನು ಖಾಲಿ ಬಿಡುತ್ತಿದ್ದೆ.

ಇಪ್ಪತ್ತು ತಿಂಗಳ ಮಗುವನ್ನು ಹಲಗೆಯ ಮೇಲೆ ಮಲಗಿಸಿದರೆ ಓಣಿಗೆಲ್ಲ ಕೇಳುವಂತೆ ಅಳುತ್ತದೆ. ತಲೆ ಹಿಡಿಯಲು ಒಬ್ಬರು, ಮೊಣಕಾಲು ಒತ್ತಿ ಪಾದ ನೇರ ಮಾಡಲು ಇನ್ನೊಬ್ಬರು ಬೇಕು. ತಾಯಿ ಹೊಲದಲ್ಲಿ, ಅಂಗನವಾಡಿ ಟೀಚರ್ ಇನ್ನಾವುದೋ ಸಭೆಯಲ್ಲಿ. ಗೋಡೆಗೆ ನಿಲ್ಲಿಸಿ ಅಳೆದು ಮುಂದಿನ ಮನೆಗೆ ಹೋಗಿಬಿಡುತ್ತಿದ್ದೆ. ಒಮ್ಮೆ ಮೇಲ್ವಿಚಾರಕರು ಜೊತೆಗೆ ಬಂದಿದ್ದರಿಂದ ಕ್ರಮವಾಗಿ ಮಲಗಿಸಿದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಸಹಜವಾಗಿ ಕೇಳಿದರು: "ಹೋದ ಸಲ ನಿಲ್ಲಿಸಿ ಅಳೆದಿದ್ದೆಯಲ್ಲ ತಂಗಿ, ಈ ಸಲ ಯಾಕೆ ಮಲಗಿಸುತ್ತೀ?"

ಒಂದೂವರೆಯಿಂದ ಎರಡು ವರ್ಷದ ನಡುವೆ ಗಂಡುಮಗು ಸುಮಾರು ಐದೂವರೆ ಸೆಂ.ಮೀ. ಬೆಳೆಯುತ್ತದೆ, ಅಂದರೆ ಮೂರು ತಿಂಗಳಿಗೆ ಎರಡೂಮುಕ್ಕಾಲು. ಅದರಲ್ಲಿ 0.7 ಎಂದರೆ ಕಾಲು ಪಾಲು! ಮಗು ಬೆಳೆದದ್ದು ಎಷ್ಟು, ನಾನು ಬೆಳೆಸಿದ್ದು ಎಷ್ಟು ಎಂದು ಬೇರ್ಪಡಿಸಲು ಯಾರಿಗೂ ಸಾಧ್ಯವಿರಲಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಉದ್ದವನ್ನು ನಾನು ಬರೆದಿದ್ದ ಎರಡು ಸುತ್ತಿನ ಪುಟಗಳನ್ನು ಪೂರ್ತಿ ಕೈಬಿಟ್ಟರು. ಯಾರೂ ಬೈಯಲಿಲ್ಲ. ಮತ್ತೆ ಅಳೆಯೋಣವೆಂದರೆ ಆ ಮಕ್ಕಳು ಆಗಲೇ ಬೆಳೆದಿದ್ದರು.

ಆದ್ದರಿಂದ ನಿಮ್ಮ 'ಪ್ರಗತಿ ಕಾಣುತ್ತಿಲ್ಲ' ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಮಾನದಂಡಕ್ಕಾಗಿ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದರು. ಭಾರತದಲ್ಲಿ ದಕ್ಷಿಣ ದೆಹಲಿಯ ಮಕ್ಕಳು. ಇಬ್ಬರು ಬೇರೆ ಬೇರೆಯಾಗಿ ಅಳೆಯಬೇಕು, 7 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು. ಅಲ್ಲಿ ಮೊದಲ ವರ್ಷ ಮುಗಿಸಿದವರ ಕೈಯಲ್ಲಿ ಏನಿದ್ದೀತು? ನಮ್ಮ ರಾಜ್ಯದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 36.2, 2019-21ರದರಲ್ಲಿ ಶೇ 35.4. ಇಡೀ ರಾಜ್ಯವೇ ಅಷ್ಟು ವರ್ಷಗಳಲ್ಲಿ ನೂರಕ್ಕೆ ಒಂದು ಮಗುವಿನಷ್ಟೂ ಮುಂದೆ ಹೋಗಿಲ್ಲ, ನೀವು ಒಂದು ವರ್ಷದಲ್ಲಿ ಏನನ್ನು ತೋರಿಸಬೇಕೆಂದಿದ್ದೀರಿ?

ಮನೆಯ ಸಾಲಕ್ಕಾಗಿ ಔಷಧ ಕಂಪನಿಗೆ ಹೋಗುವುದಾದರೆ ಹೋಗಿ, ಅದರಲ್ಲಿ ತಪ್ಪಿಲ್ಲ. ಪ್ರಗತಿಯಿಲ್ಲ ಎಂಬ ಬೇಸರಕ್ಕೆ ಮಾತ್ರ ಹೋಗಬೇಡಿ. ಇಂದು ರಾತ್ರಿಯೇ ನಿಮ್ಮ ಫಾರಮುಗಳನ್ನು ತೆರೆದು ಖಾಲಿ ಬಿಟ್ಟ ಚೌಕಗಳನ್ನು ನೋಡಿ. ನೆನಪಿನಿಂದ ತುಂಬಬೇಡಿ, ಕಂಡದ್ದನ್ನು ನಾಳೆ ಬೆಳಗ್ಗೆಯೇ ಮೇಲಿನವರಿಗೆ ಹೇಳಿ. ಅಜ್ಜಿ ಕೇಳುವವರೆಗೆ ನಾನು ಹೇಳಿರಲಿಲ್ಲ.

ನಾನು ಕೆಲಸ ಬಿಡಲಿಲ್ಲ. ಮುಂದಿನ ಸುತ್ತಿನಲ್ಲಿ ಆ ಅಜ್ಜಿಯೇ ಹಲಗೆಯ ಬಳಿ ಕುಳಿತು ಮೊಮ್ಮಗನ ತಲೆ ಹಿಡಿದರು. ನಾನು ಅಂಕಿಯನ್ನೂ ಚೌಕವನ್ನೂ ತುಂಬಿ ಪೆನ್ನು ಮುಚ್ಚುವವರೆಗೆ ಅವರು ಕೈ ತೆಗೆಯಲಿಲ್ಲ.