ಇನ್ನೊಂದು ಸರ್ಟಿಫಿಕೇಟ್ ಬೇಡ, ಮಾಡಿದ ಕೆಲಸ ಬರೆಯಿರಿ

ಪ್ರಶ್ನೆ: ವಿಶ್ವವಿದ್ಯಾಲಯದ ತಂತ್ರಜ್ಞಾನ ವಿಭಾಗದಲ್ಲಿ 13 ವರ್ಷಗಳಿಂದ ಇದ್ದೇನೆ, ಈಗ ಮ್ಯಾನೇಜರ್. ನೆಟ್‌ವರ್ಕ್, ಸರ್ವರ್, ವಿದ್ಯಾರ್ಥಿ ದಾಖಲೆಗಳ ಸಾಫ್ಟ್‌ವೇರ್, ಆನ್‌ಲೈನ್ ಕಲಿಕಾ ವೇದಿಕೆ, ಹೆಲ್ಪ್‌ಡೆಸ್ಕ್ ಎಲ್ಲ ನನ್ನದೇ. ಮೇಲೆ ಹುದ್ದೆ ಖಾಲಿಯಿಲ್ಲ. ಹೊರಗಿನ ಕಂಪನಿಗಳು ಸಂದರ್ಶನಕ್ಕೂ ಕರೆಯುವುದಿಲ್ಲ. ಯಾವ ಸರ್ಟಿಫಿಕೇಟ್ ಮಾಡಿದರೆ ದಾರಿ ತೆರೆಯುತ್ತದೆ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಬರೆಯುವವರು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಒಂದೇ. ಹಾಗಾಗಿ ಈ ಸಲ ಜಾಸ್ತಿ ಜಾಗ ಇದಕ್ಕೇ ಕೊಡುತ್ತೇನೆ.

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಇರುವುದು ಯಂತ್ರಗಳ ಮತ್ತು ಸಾಫ್ಟ್‌ವೇರ್‌ಗಳ ಪಟ್ಟಿ. 13 ವರ್ಷಗಳಲ್ಲಿ ನೀವು ತೆಗೆದುಕೊಂಡ ಒಂದು ತೀರ್ಮಾನವೂ ಅದರಲ್ಲಿ ಕಾಣುವುದಿಲ್ಲ. ನಿಮ್ಮ ಅರ್ಜಿಯೂ ಹೀಗೇ ಇದ್ದರೆ ಓದುವವರಿಗೆ ನೀವು ಏನು ಮಾಡಬಲ್ಲಿರಿ ಅಂತ ಗೊತ್ತಾಗುವುದು ಹೇಗೆ? ಕೆಲಸಕ್ಕೆ ಜನರನ್ನು ಆರಿಸುವ ಕಡೆ ನಾನು ಬಹಳ ಕಾಲ ಕೂತಿದ್ದೇನೆ. ವಿಶ್ವವಿದ್ಯಾಲಯದಿಂದ ಬರುವ ಅರ್ಜಿಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಒಳಗೆ ದೊಡ್ಡ ಕೆಲಸ ಇರುತ್ತದೆ. ಕಾಗದದ ಮೇಲೆ ಅದು ಬಂದಿರುವುದಿಲ್ಲ.

ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರು ಒಂದು ಆದೇಶ ಹೊರಡಿಸಿದರೆ ಸೋಮವಾರದಿಂದ ಎಲ್ಲರ ಕೈಯಲ್ಲೂ ಒಂದೇ ಬಗೆಯ ಲ್ಯಾಪ್‌ಟಾಪ್ ಇರುತ್ತದೆ. ನಿಮಗೆ ಆ ಅಧಿಕಾರ ಯಾವತ್ತೂ ಇರಲಿಲ್ಲ. ಪ್ರಾಧ್ಯಾಪಕರು ಸಂಶೋಧನಾ ಅನುದಾನದಲ್ಲಿ ತಮ್ಮದೇ ಸರ್ವರ್ ಕೊಂಡು ಕೋಣೆಯ ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ವಿದ್ಯಾರ್ಥಿಗಳು ತಮ್ಮ ಫೋನ್, ತಮ್ಮ ಲ್ಯಾಪ್‌ಟಾಪ್ ತರುತ್ತಾರೆ. ಪ್ರತಿ ವರ್ಷ ಬಳಕೆದಾರರ ಒಂದು ದೊಡ್ಡ ಗುಂಪು ಹೊರಗೆ ಹೋಗುತ್ತದೆ, ಅಷ್ಟೇ ದೊಡ್ಡ ಗುಂಪು ಒಳಗೆ ಬರುತ್ತದೆ. ಒಬ್ಬಳೇ ವ್ಯಕ್ತಿ ಬೆಳಿಗ್ಗೆ ಸಂಶೋಧನಾ ವಿದ್ಯಾರ್ಥಿನಿ, ಮಧ್ಯಾಹ್ನ ಪಾಠ ಮಾಡುವವಳು, ಸಂಜೆ ಗ್ರಂಥಾಲಯದ ಅರೆಕಾಲಿಕ ನೌಕರಳು. ಅವಳಿಗೆ ಮೂರು ಬಗೆಯ ಅನುಮತಿ ಬೇಕು. ಒಂದು ಕೆಲಸ ಮುಗಿದ ದಿನ ಅದರ ಅನುಮತಿ ಮಾತ್ರ ಹೋಗಬೇಕು, ಉಳಿದೆರಡು ಉಳಿಯಬೇಕು. ಇದನ್ನು ನೀವು ದಿನಾ ಮಾಡುತ್ತಿದ್ದೀರಿ, ಅಲ್ವಾ? ಬ್ಯಾಂಕುಗಳು, ಆಸ್ಪತ್ರೆಗಳು ಇದೇ ಕೆಲಸ ಬಲ್ಲವರನ್ನು ಹುಡುಕುತ್ತಿವೆ. ನಿಮ್ಮ ಅರ್ಜಿಯಲ್ಲಿ ಇದು 'ಬಳಕೆದಾರರ ಖಾತೆ ನಿರ್ವಹಣೆ' ಎಂಬ ಮೂರು ಪದಗಳಾಗಿ ಮಲಗಿರುತ್ತದೆ.

ಎಜುರೋಮ್ ಇನ್ನೊಂದು ಉದಾಹರಣೆ. 2000ದ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಶುರುವಾಗಿ ಇವತ್ತು ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳಲ್ಲಿರುವ, ವಿಶ್ವವಿದ್ಯಾಲಯಗಳು ಹಂಚಿಕೊಳ್ಳುವ ವೈಫೈ ವ್ಯವಸ್ಥೆ ಇದು. ಒಬ್ಬ ವಿದ್ಯಾರ್ಥಿ ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಲ್ಯಾಪ್‌ಟಾಪ್ ತೆರೆದರೂ ಅವನ ಗುರುತು ಪರಿಶೀಲಿಸುವುದು ಅವನ ಸ್ವಂತ ವಿಶ್ವವಿದ್ಯಾಲಯವೇ. ಆತಿಥೇಯ ಸಂಸ್ಥೆಗೆ ಪಾಸ್‌ವರ್ಡ್ ಕಾಣುವುದೇ ಇಲ್ಲ. ಇದನ್ನು ನಿಮ್ಮಲ್ಲಿ ನೀವು ಕೂರಿಸಿದ್ದರೆ, ಗುರುತು ಪರಿಶೀಲಿಸುವ ರೇಡಿಯಸ್ ಸರ್ವರ್, ಡಿಜಿಟಲ್ ಪ್ರಮಾಣಪತ್ರಗಳು, ಸಂಸ್ಥೆಗಳ ನಡುವಿನ ನಂಬಿಕೆಯ ಒಪ್ಪಂದ ಮೂರನ್ನೂ ನಿಭಾಯಿಸಿದ್ದೀರಿ ಎಂದರ್ಥ. ಗ್ರಂಥಾಲಯದ ಜರ್ನಲ್‌ಗಳಿಗೆ ಶಿಬೊಲೆತ್ ಎಂಬ ಲಾಗಿನ್ ಸಾಫ್ಟ್‌ವೇರ್ ಮೂಲಕ ಒಂದೇ ಲಾಗಿನ್ ಕೊಟ್ಟಿದ್ದರೂ ಅಷ್ಟೇ. ಇಂಥದ್ದನ್ನು 'ವೈಫೈ ನಿರ್ವಹಣೆ' ಅಂತ ಬರೆದವರನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗಾದರೆ ಬರೆಯುವುದು ಹೇಗೆ? ನೀವು ಹಳೆಯ ಕಲಿಕಾ ವೇದಿಕೆಯಿಂದ ಉಚಿತವಾಗಿ ಸಿಗುವ ಇನ್ನೊಂದು ವೇದಿಕೆಯಾದ ಮೂಡಲ್‌ಗೆ ಬಂದಿರಿ ಅಂತ ಇಟ್ಟುಕೊಳ್ಳಿ. ಎಷ್ಟು ಕೋರ್ಸ್‌ಗಳನ್ನು ಸಾಗಿಸಿದಿರಿ? ಪಾಠ ನಿಲ್ಲದ ಹಾಗೆ ಯಾವ ವಾರ ಆರಿಸಿಕೊಂಡಿರಿ, ಯಾಕೆ? ಯಾವ ವಿಭಾಗ ಒಪ್ಪಲಿಲ್ಲ, ಅವರನ್ನು ಒಪ್ಪಿಸಲು ಏನು ಬಿಟ್ಟುಕೊಟ್ಟಿರಿ? ಲೈಸೆನ್ಸ್ ಖರ್ಚು ಎಷ್ಟು ಇಳಿಯಿತು, ಬದಲಿಗೆ ಸಿಬ್ಬಂದಿ ಖರ್ಚು ಎಷ್ಟು ಏರಿತು? ಮಾಡಬಾರದು ಅಂತ ನಿರ್ಧರಿಸಿದ್ದು ಯಾವುದು? ಈ ಕೊನೆಯದನ್ನು ಬಹಳ ಜನ ಬರೆಯುವುದೇ ಇಲ್ಲ. ನಾನು ಮೊದಲು ಹುಡುಕುವುದು ಅದನ್ನೇ. ಇಂಥ ನಾಲ್ಕೈದು ಕೆಲಸಗಳನ್ನು ಒಂದೊಂದು ಪ್ಯಾರಾದಲ್ಲಿ ಬರೆಯಿರಿ. ಅಂಕಿ ಗೊತ್ತಿಲ್ಲದಿದ್ದರೆ ಹೆಲ್ಪ್‌ಡೆಸ್ಕ್ ದಾಖಲೆ ಮತ್ತು ಹಳೆಯ ಬಜೆಟ್ ಕಡತ ತೆಗೆದು ನೋಡಿ. ಊಹಿಸಿ ಬರೆಯಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

2019ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯಿತು, ಅಂದರೆ ಕಡತಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ದಾಳಿ. ದಾಳಿಕೋರರು ಅಕ್ಟೋಬರ್‌ನಲ್ಲೇ ಒಂದು ಮೋಸದ ಇಮೇಲ್ ಮೂಲಕ ಒಳಗೆ ಬಂದಿದ್ದರು. ಕ್ರಿಸ್‌ಮಸ್ ರಜೆಯ ಹೊತ್ತಿಗೆ 267 ವಿಂಡೋಸ್ ಸರ್ವರ್‌ಗಳಿಗೆ ಬೀಗ ಬಿತ್ತು. ನೆಟ್‌ವರ್ಕ್‌ಗೆ ಜೋಡಿಸಿಟ್ಟಿದ್ದ ಕೆಲವು ಬ್ಯಾಕಪ್‌ಗಳೂ ಹೋದವು. ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ ಯೂರೊ. 2020ರ ಫೆಬ್ರವರಿಯಲ್ಲಿ ಇಡೀ ಘಟನೆಯನ್ನು ಸಾರ್ವಜನಿಕವಾಗಿ ಬಿಡಿಸಿಟ್ಟಿತು. ನನ್ನ ಮಟ್ಟಿಗೆ ಅದು ದೊಡ್ಡ ಉಪಕಾರ. ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ ಇದರಿಂದಲೇ ಬರುತ್ತದೆ. ನಿಮ್ಮ ಬ್ಯಾಕಪ್‌ನಿಂದ ವಿದ್ಯಾರ್ಥಿ ದಾಖಲೆಗಳನ್ನು ಖಾಲಿ ಸರ್ವರ್‌ಗೆ ಕೊನೆಯ ಸಲ ಯಾವಾಗ ಮರಳಿ ತಂದು ನೋಡಿದಿರಿ, ಎಷ್ಟು ಗಂಟೆ ಹಿಡಿಯಿತು? ತಡವರಿಸದೆ ಉತ್ತರ ಕೊಟ್ಟವರ ಸರ್ಟಿಫಿಕೇಟ್‌ಗಳ ಪುಟವನ್ನು ನಾನು ತಿರುಗಿಸಿಯೂ ನೋಡುವುದಿಲ್ಲ. ಉತ್ತರ ಇಲ್ಲದಿದ್ದರೆ ಕೆಲಸ ಹುಡುಕುವುದನ್ನು ಸದ್ಯ ಬಿಡಿ. ಈ ತಿಂಗಳೇ ಆ ಪರೀಕ್ಷೆ ಮಾಡಿ.

ಈಗ ಸರ್ಟಿಫಿಕೇಟ್ ವಿಷಯ. ಪ್ರಾಜೆಕ್ಟ್ ನಿರ್ವಹಣೆಯ ಸರ್ಟಿಫಿಕೇಟ್ ಪಿಎಂಪಿಗೆ ಅರ್ಜಿ ಹಾಕಲು ಪದವೀಧರರಿಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು. ಜತೆಗೆ 35 ಗಂಟೆಗಳ ತರಬೇತಿ. ಮಾಹಿತಿ ಭದ್ರತೆಯ ಸರ್ಟಿಫಿಕೇಟ್ ಸಿಐಎಸ್‌ಎಸ್‌ಪಿಗೆ ಎಂಟು ಭದ್ರತಾ ಕ್ಷೇತ್ರಗಳಲ್ಲಿ ಕನಿಷ್ಠ ಎರಡರಲ್ಲಿ ಐದು ವರ್ಷಗಳ ಅನುಭವ, ಸೂಕ್ತ ಪದವಿ ಇದ್ದರೆ ಒಂದು ವರ್ಷ ರಿಯಾಯಿತಿ. ಅನುಭವ ಇಲ್ಲದೆ ಪರೀಕ್ಷೆ ಪಾಸಾದರೆ 'ಅಸೋಸಿಯೇಟ್' ಅಂತ ಮಾತ್ರ ಹೇಳಿಕೊಳ್ಳಬಹುದು. ಅಂದರೆ ಇವು ಮಾಡಿದ ಕೆಲಸದ ಮೇಲೆ ಒತ್ತುವ ಮೊಹರು. ಐಟಿ ಸೇವಾ ನಿರ್ವಹಣೆಯ ಆರಂಭಿಕ ಸರ್ಟಿಫಿಕೇಟ್ ಐಟಿಐಎಲ್ ಫೌಂಡೇಶನ್‌ಗೆ ಯಾವ ಅರ್ಹತೆಯೂ ಬೇಡ. ಓದಿ, ಸರ್ವಿಸ್ ಡೆಸ್ಕ್ ಜನರ ಮಾತು ಅರ್ಥವಾಗುತ್ತದೆ. ಅದೊಂದರಿಂದ ಕೆಲಸ ಸಿಗುತ್ತದೆ ಅಂತ ಕಾಯಬೇಡಿ. ಭದ್ರತೆಯ ಕಡೆಗೇ ಹೋಗುವುದು ಖಚಿತವಾಗಿದ್ದರೆ ಸಿಐಎಸ್‌ಎಸ್‌ಪಿ ಮಾಡಿ, ಶ್ರಮ ದಂಡವಾಗುವುದಿಲ್ಲ.

ಆದರೆ 'ನೂರಕ್ಕೆ ನೂರು ಪಾಸ್', 'ಕೆಲಸ ಗ್ಯಾರಂಟಿ' ಅನ್ನುವವರ ಹತ್ತಿರ ಹೋಗಬೇಡಿ. ಸೋರಿದ ಪ್ರಶ್ನೆಗಳನ್ನು ಮಾರುವವರು, ದುಡ್ಡು ಕೊಟ್ಟರೆ ನಿಮ್ಮ ಹೆಸರಲ್ಲಿ ಬೇರೆಯವರಿಂದ ಪರೀಕ್ಷೆ ಬರೆಸುವವರು, ಸುಳ್ಳು ಅನುಭವ ತುಂಬಿಕೊಡುವವರು, ಎಲ್ಲರೂ ಕಳ್ಳರೇ. ಪಿಎಂಪಿ ಕೊಡುವ ಸಂಸ್ಥೆ ಅರ್ಜಿಗಳನ್ನು ಆರಿಸಿ ಆಡಿಟ್ ಮಾಡುತ್ತದೆ, ನಿಮ್ಮ ಹಳೆಯ ಮೇಲಧಿಕಾರಿಯ ಸಹಿ ಕೇಳುತ್ತದೆ. ಮೋಸ ಗೊತ್ತಾದರೆ ಹೋಗುವುದು ಬರೀ ಶುಲ್ಕ ಅಲ್ಲ. ವಿದ್ಯಾರ್ಥಿಗಳ ಅಂಕಪಟ್ಟಿ ಕಾಯುವ ಮನುಷ್ಯ ಸ್ವತಃ ಪರೀಕ್ಷೆಯಲ್ಲಿ ಮೋಸ ಮಾಡಿದ ಅಂದರೆ ಈ ಕ್ಷೇತ್ರದಲ್ಲಿ ಮತ್ತೆ ಯಾರು ಸೇರಿಸಿಕೊಳ್ಳುತ್ತಾರೆ?

ಯಾವ ಕಡೆ ಹೋಗಬೇಕು ಅಂತ ನೀವು ಕೇಳಿಲ್ಲ, ಕೇಳಬೇಕಿತ್ತು. ಎಲ್ಲರ ಕಣ್ಣು ಕಂಪನಿಗಳ ಮೇಲೆ. ಸಂಶೋಧನಾ ಕಂಪ್ಯೂಟಿಂಗ್, ಅಂದರೆ ವಿಜ್ಞಾನಿಗಳ ದತ್ತಾಂಶ, ಲೆಕ್ಕಾಚಾರಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಕೆಲಸದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರ ಜನವರಿಯಿಂದ ದತ್ತಾಂಶ ಹುಟ್ಟುವ ತನ್ನ ಎಲ್ಲ ಸಂಶೋಧನಾ ಅನುದಾನಗಳಿಗೂ, ಆ ದತ್ತಾಂಶವನ್ನು ಹೇಗೆ ಕಾಪಾಡಿ ಹಂಚಿಕೊಳ್ಳುತ್ತೀರಿ ಎಂಬ ಯೋಜನೆ ಕೇಳುತ್ತಿದೆ. ವಿಜ್ಞಾನಿಗಳಿಗೆ ಅದನ್ನು ಬರೆಯಲು ಪುರುಸೊತ್ತಿಲ್ಲ, ಸ್ಟೋರೇಜ್ ಲೆಕ್ಕ ಗೊತ್ತಿಲ್ಲ. ಅವರ ಜತೆ ಕೂತು ಮಾತಾಡಬಲ್ಲ ತಂತ್ರಜ್ಞರು ಕಡಿಮೆ. ನಿಮಗೆ ಪ್ರಾಧ್ಯಾಪಕರ ಜತೆ ಏಗಿ ಅಭ್ಯಾಸ ಇದೆ. ಒಂದು ಪ್ರಯೋಗಾಲಯದಿಂದ ಶುರು ಮಾಡಿ.

ಇನ್ನೊಂದು ದಾರಿ, ನಿಮಗೆ ಸಾಫ್ಟ್‌ವೇರ್ ಮಾರುವ ಕಂಪನಿಗೇ ಸೇರುವುದು. ಸುಲಭ, ಸಂಬಳವೂ ಜಾಸ್ತಿ ಇರಬಹುದು. ನನಗೆ ಇಲ್ಲಿ ಭಯ ಇದೆ, ಮುಚ್ಚಿಡುವುದಿಲ್ಲ. ಅವರ ಟೆಂಡರ್ ಅಥವಾ ಒಪ್ಪಂದದ ನವೀಕರಣ ನಿಮ್ಮ ಮೇಜಿನ ಮೇಲೆ ಇರುವಾಗ ಕೆಲಸದ ಮಾತು ಬಂದರೆ ಅವತ್ತೇ ಲಿಖಿತವಾಗಿ ತಿಳಿಸಿ, ಖರೀದಿ ಸಮಿತಿಯಿಂದ ಹೊರಗೆ ಬನ್ನಿ. ಕೆಲಸ ಬಿಟ್ಟ ಮೇಲೆ ಇಂತಿಷ್ಟು ಕಾಲ ಅಂಥ ಕಂಪನಿ ಸೇರಬಾರದು ಎಂಬ ನಿಯಮ ನಿಮ್ಮ ಸೇವಾ ಷರತ್ತಿನಲ್ಲಿ ಇದೆಯೇ ನೋಡಿ. ನೀವು ಶುದ್ಧವಾಗಿದ್ದರೂ ನಂತರ ಬರುವ ಆರೋಪದಿಂದ ಬಿಡಿಸಿಕೊಳ್ಳಲು ಆ ಒಂದು ಕಾಗದ ಬೇಕಾಗುತ್ತದೆ.

ಕೆಲಸ ಕೈಗೆ ಬರುವ ಮುಂಚೆ ರಾಜೀನಾಮೆ ಕೊಡಬೇಡಿ. ಪ್ರವೇಶ ಅಥವಾ ಫಲಿತಾಂಶದ ನಡುವೆ ಹೊರಡಬೇಡಿ. ಹೋಗುವಾಗ ನೆಟ್‌ವರ್ಕ್ ನಕ್ಷೆ, ಕಾನ್ಫಿಗರೇಶನ್ ಫೈಲ್, 'ಮಾದರಿಗಾಗಿ' ಅಂತ ವಿದ್ಯಾರ್ಥಿಗಳ ಡೇಟಾ, ಯಾವುದನ್ನೂ ಒಯ್ಯಬೇಡಿ. ಈಗಿನ ಸಂಸ್ಥೆಯ ಭದ್ರತಾ ಲೋಪಗಳನ್ನು ಸಂದರ್ಶನದಲ್ಲಿ ಬಿಚ್ಚಿ ಹೇಳಿದವರನ್ನು ನಾನು ಆಯ್ಕೆ ಮಾಡಿಲ್ಲ. ನಾಳೆ ನಮ್ಮದನ್ನೂ ಇನ್ನೊಬ್ಬರ ಮುಂದೆ ಹೇಳುತ್ತಾರೆ.

ಪ್ರಶ್ನೆ: ನನಗೆ 46. ತಡವಾಯಿತೇ?

ಉತ್ತರ: ಇಲ್ಲ.

ಪ್ರಶ್ನೆ: ವಿಶ್ವವಿದ್ಯಾಲಯದ ಸಿಐಒ (ಮುಖ್ಯ ಮಾಹಿತಿ ಅಧಿಕಾರಿ) ಆಗಲು ಪಿಎಚ್‌ಡಿ ಬೇಕೇ?

ಉತ್ತರ: ಆ ಹುದ್ದೆಯನ್ನು ಪ್ರಾಧ್ಯಾಪಕರ ದರ್ಜೆಯಲ್ಲಿ ಇಟ್ಟಿರುವ ಕಡೆ ಕೇಳಬಹುದು, ನೇಮಕಾತಿ ಪ್ರಕಟಣೆ ಓದಿ. ಸಿಐಒ ಆಗಬೇಕು ಅನ್ನುವ ಒಂದೇ ಕಾರಣಕ್ಕೆ ಪಿಎಚ್‌ಡಿಗೆ ಸೇರಬೇಡಿ. ಅದಕ್ಕಿಂತ ಬಜೆಟ್ ಸಭೆಯಲ್ಲಿ ಕೂರಲು ಅನುಮತಿ ಕೇಳಿ. ದುಡ್ಡು ಹೇಗೆ ಹಂಚಿಕೆಯಾಗುತ್ತದೆ ಅಂತ ಗೊತ್ತಿಲ್ಲದ ಸಿಐಒ ತುಂಬಾ ದಿನ ನಿಲ್ಲುವುದಿಲ್ಲ.

ಪ್ರಶ್ನೆ: ಮ್ಯಾನೇಜರ್ ಆದಮೇಲೆ ಕೋಡಿಂಗ್ ಮರೆತಿದೆ. ಮತ್ತೆ ಶುರು ಮಾಡಲೇ?

ಉತ್ತರ: ಲಾಗ್ ಓದುವಷ್ಟು, ಸಣ್ಣ ಸ್ಕ್ರಿಪ್ಟ್ ಬರೆಯುವಷ್ಟು ಸಾಕು.

ಪ್ರಶ್ನೆ: ಎಐ ಬಂದಿದೆ. ಯಾವ ಕೋರ್ಸ್ ಸೇರಲಿ?

ಉತ್ತರ: ನಿಮ್ಮ ಸಿಬ್ಬಂದಿ ವಿದ್ಯಾರ್ಥಿಗಳ ಮಾಹಿತಿಯನ್ನು ಯಾವ ಎಐ ಸೇವೆಗೆ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಂಬ ನಿಯಮ ನಿಮ್ಮಲ್ಲಿ ಇದೆಯೇ? ಇಲ್ಲದಿದ್ದರೆ ಕೂತು ಬರೆಯಿರಿ, ಸಮಿತಿಯಲ್ಲಿ ಪಾಸ್ ಮಾಡಿಸಿ. ಕೋರ್ಸ್‌ಗಿಂತ ಜಾಸ್ತಿ ಕಲಿಯುತ್ತೀರಿ.

ಪ್ರಶ್ನೆ: ಒಬ್ಬ ಏಜೆಂಟ್ ವಿದೇಶದ ವಿಶ್ವವಿದ್ಯಾಲಯದಲ್ಲಿ ಹುದ್ದೆ ಇದೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಿದ್ದಾನೆ.

ಉತ್ತರ: ಕಟ್ಟಬೇಡಿ. ನಂಬಬಹುದಾದ ಏಜೆನ್ಸಿಗಳು ಸಾಮಾನ್ಯವಾಗಿ ತಮ್ಮ ಶುಲ್ಕವನ್ನು ಕೆಲಸ ಕೊಡುವವರಿಂದ ಪಡೆಯುತ್ತವೆ. ಆ ಹುದ್ದೆ ನಿಜವಾಗಿದ್ದರೆ ವಿಶ್ವವಿದ್ಯಾಲಯದ ಸ್ವಂತ ನೇಮಕಾತಿ ಪುಟದಲ್ಲೇ ಇರಬೇಕು, ನೇರವಾಗಿ ಅಲ್ಲೇ ಅರ್ಜಿ ಹಾಕಿ. ಈಗಾಗಲೇ ಕಟ್ಟಿದ್ದರೆ ಇವತ್ತೇ ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡಿ. ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.