ತಲೆಸುತ್ತು ಇಲ್ಲದಿದ್ದರೂ ಸಮತೋಲನ ನರದ ಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಬಲಗಿವಿ ಮಂದವಾಗುತ್ತಾ ಬಂದದ್ದರಿಂದ ಎಂಆರ್‌ಐ ಮಾಡಿಸಿದೆವು. ತಲೆಬುರುಡೆಯ ತಳದಲ್ಲಿ, ಸಮತೋಲನ ನರದ ಮೇಲೆ ವೆಸ್ಟಿಬ್ಯುಲರ್ ಶ್ವಾನೋಮಾ ಎಂಬ ಗಡ್ಡೆ ಇದೆಯಂತೆ. ಅವರಿಗೆ ತಲೆಸುತ್ತು ಇಲ್ಲವೇ ಇಲ್ಲ. ಆದರೂ ಆಪರೇಷನ್ನಿಗೆ ಮೊದಲೂ ನಂತರವೂ ಸಮತೋಲನದ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಹೇಗೂ ತೆಗೆಯುವ ಗಡ್ಡೆಗೆ ಇದು ಬೇಕೇ? ನಮ್ಮ ಅಡಿಕೆ ತೋಟಕ್ಕೆ ಕಾಲುಸಂಕ ದಾಟಿ ಹೋಗಬೇಕು. ಮುಂದೆ ಅವರು ದಾಟಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಮಾಡಿಸಿ. ಗಡ್ಡೆ ಎಷ್ಟು ದೊಡ್ಡದೆಂಬುದನ್ನು ಎಂಆರ್‌ಐ ತೋರಿಸುತ್ತದೆ. ಒಳಗಿವಿಯಿಂದ ಮೆದುಳಿಗೆ ಸಮತೋಲನದ ಸಂದೇಶ ಒಯ್ಯುವ ಆ ನರ ಇನ್ನೂ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ತೋರಿಸುವುದಿಲ್ಲ. ಇದು ಕ್ಯಾನ್ಸರ್ ಅಲ್ಲದ, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಗಡ್ಡೆ. ನರ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸೊರಗುವಾಗ ಮೆದುಳು ಇನ್ನೊಂದು ಕಿವಿಯನ್ನೂ ಕಣ್ಣನ್ನೂ ಪಾದಗಳ ಸ್ಪರ್ಶವನ್ನೂ ನೆಚ್ಚಿಕೊಂಡು ಹೊಂದಿಕೊಳ್ಳುತ್ತದೆ. ಹಾಗಾಗಿ ತಲೆಸುತ್ತು ಇಲ್ಲವೆಂದ ಮಾತ್ರಕ್ಕೆ ನರ ಚೆನ್ನಾಗಿದೆ ಎನ್ನಲಾಗದು.

ಗಡ್ಡೆಯೊಂದಿಗೆ ಆ ಬದಿಯ ಸಮತೋಲನ ನರವೂ ಸಾಮಾನ್ಯವಾಗಿ ಹೋಗುತ್ತದೆ. ನರ ಮೊದಲೇ ನಿಷ್ಕ್ರಿಯವಾಗಿದ್ದರೆ ಆಪರೇಷನ್ ನಂತರದ ತಲೆಸುತ್ತು ಸಾಮಾನ್ಯವಾಗಿ ಕಡಿಮೆ. ಅದು ಇನ್ನೂ ಚುರುಕಾಗಿದ್ದರೆ ಮೊದಲ ಕೆಲವು ದಿನ ತೀವ್ರ ತಲೆಸುತ್ತು, ವಾಂತಿ ಬರಬಹುದು. ಇದು ಮುಂಚೆಯೇ ತಿಳಿದರೆ ಮನೆಯವರು ಗಾಬರಿಯಾಗುವುದಿಲ್ಲ, ಸಮತೋಲನದ ವ್ಯಾಯಾಮಗಳನ್ನೂ ಆಪರೇಷನ್ನಿಗೆ ಮೊದಲೇ ಕಲಿಯಬಹುದು. ಎಡಗಿವಿ ಸರಿಯಿದೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ. ಮುಂದೆ ಅವರು ಅದನ್ನೇ ನಂಬಿ ನಡೆಯಬೇಕಾದ್ದರಿಂದ ನನ್ನ ದೃಷ್ಟಿಯಲ್ಲಿ ಇದು ಅತಿ ಮುಖ್ಯ.

ವಿಡಿಯೊ ಹೆಡ್ ಇಂಪಲ್ಸ್ ಪರೀಕ್ಷೆಯಲ್ಲಿ ಕ್ಯಾಮೆರಾ ಇರುವ ಕನ್ನಡಕ ಹಾಕಿ, ಗೋಡೆಯ ಚುಕ್ಕೆಯನ್ನೇ ನೋಡುತ್ತಿರಲು ಹೇಳಿ, ತಲೆಯನ್ನು ಥಟ್ಟನೆ ಸ್ವಲ್ಪವೇ ತಿರುಗಿಸುತ್ತಾರೆ. ನರ ಸೋತ ಬದಿಗೆ ತಿರುಗಿಸಿದಾಗ ಕಣ್ಣು ಚುಕ್ಕೆಯಿಂದ ಜಾರಿ, ಮರುಕ್ಷಣ ಹಾರಿ ಅದರತ್ತ ಮರಳುತ್ತದೆ. ಕ್ಯಾಲೋರಿಕ್ ಪರೀಕ್ಷೆಯಲ್ಲಿ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರನ್ನು ಕಿವಿಗೆ ಬಿಟ್ಟು ಕಣ್ಣಿನ ಚಲನೆ ಅಳೆಯುತ್ತಾರೆ. ಆಗ ಕೆಲವು ನಿಮಿಷ ತಲೆ ಸುತ್ತುವುದು ಸಹಜ. ಮೊದಲನೆಯದು ತಲೆಯ ವೇಗದ ಚಲನೆಯನ್ನೂ ಎರಡನೆಯದು ಅತಿ ನಿಧಾನದ ಚಲನೆಯನ್ನೂ ಪರೀಕ್ಷಿಸುವುದರಿಂದ ಒಂದರ ಫಲಿತಾಂಶ ಸರಿಯಿದ್ದು ಇನ್ನೊಂದರಲ್ಲಿ ದೋಷ ಕಾಣಬಹುದು. ಶಬ್ದ ಕೇಳಿಸಿ ಸ್ನಾಯುಗಳ ಪ್ರತಿಕ್ರಿಯೆ ಅಳೆಯುವ ವೆಂಪ್ ಎಂಬ ಮೂರನೆಯ ಪರೀಕ್ಷೆಯೂ ಸೇರಿದರೆ ನರದ ಮೇಲಿನ ಕವಲು, ಕೆಳಗಿನ ಕವಲುಗಳಲ್ಲಿ ಯಾವುದು ಸೊರಗಿದೆ ಎಂಬ ಅಂದಾಜು ಸಿಗುತ್ತದೆ. ತಲೆಸುತ್ತಿನ ಮಾತ್ರೆಗಳೇನಾದರೂ ಇದ್ದರೆ ಪರೀಕ್ಷೆಗೆ ಮೊದಲು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ.

ಆಪರೇಷನ್ ನಂತರದ ಪರೀಕ್ಷೆಯಲ್ಲಿ ಆ ಬದಿಯ ಅಂಕಿ ಕೆಳಗೇ ಉಳಿದರೆ ಎದೆಗುಂದಬೇಡಿ. ನರ ಚೇತರಿಸದಿದ್ದರೂ ಮೆದುಳು ಕಲಿಯುತ್ತದೆ. ಹೆಬ್ಬೆರಳಿನ ಮೇಲೆ ದೃಷ್ಟಿಯಿಟ್ಟು ತಲೆಯನ್ನು ಆಚೀಚೆ ತಿರುಗಿಸುವಂಥ ವ್ಯಾಯಾಮವನ್ನು ದಿನವೂ ಮಾಡಿದರೆ ಈ ಕಲಿಕೆಗೆ ಸಹಾಯವಾಗುತ್ತದೆ. ತಲೆಸುತ್ತಿನ ಮಾತ್ರೆಯನ್ನು ಬಹುಕಾಲ ನುಂಗಿದರೆ ಅದೇ ಕಲಿಕೆ ನಿಧಾನವಾಗುತ್ತದೆ.

ಕಾಲುಸಂಕದ ವಿಷಯದಲ್ಲಿ ಮಾತ್ರ ಅವಸರ ಬೇಡ. ಮಳೆಗಾಲದ ಮುಸ್ಸಂಜೆಯಲ್ಲಿ ಕಣ್ಣಿಗೆ ದಾರಿ ಸರಿಯಾಗಿ ಕಾಣದು, ಹಾವಸೆ ಕಟ್ಟಿದ ದಬ್ಬೆಯ ಮೇಲೆ ಪಾದಕ್ಕೆ ಹಿಡಿತ ಸಿಗದು. ಆಗ ಸಮತೋಲನದ ಭಾರವೆಲ್ಲ ಒಳಗಿವಿಯ ಮೇಲೇ ಬೀಳುತ್ತದೆ. ಕಣ್ಣು ಮುಚ್ಚಿ ಮೆತ್ತನೆಯ ಹಾಸಿನ ಮೇಲೆ ಸ್ಥಿರವಾಗಿ ನಿಲ್ಲುವುದು, ತಲೆ ತಿರುಗಿಸುತ್ತಾ ನೇರ ನಡೆಯುವುದು ಅವರಿಗೆ ಸಾಧ್ಯವಾಗಿ, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಹಗಲಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ದಾಟಲಿ. ಅಷ್ಟರೊಳಗೆ ಸಂಕಕ್ಕೆ ಎರಡೂ ಬದಿ ಕೈಹಿಡಿ ಕಟ್ಟಿಸಿಡಿ.